ಒರಲೆ ತಿಂದ ಅಂಕೆ

ಕಾಸರಗೋಡಿನ ಮುಳ್ಳೇರಿಯ ಹತ್ತಿರದ ನಮ್ಮ ಹಳೆಮನೆಯ ಅಟ್ಟದಲ್ಲಿ ಒಂದು ಮೂಲಗೇಣಿ (ಶಾಶ್ವತ ಗೇಣಿ) ಕಾಗದ ಸಿಕ್ಕಿತು. ದೊಡ್ಡಪ್ಪ ನೋಡಿದ ಕೂಡಲೇ, "ಇದು ಟಿಪ್ಪುವಿನ ಕಾಲದ್ದು ಮಾರಾಯ" ಅಂದರು. ಮನೆಯಲ್ಲಿ ಹಿಂದಿನಿಂದಲೂ ಇದ್ದ ಮಾತಂತೆ.

ಇಸವಿ ಓದೋಣ ಅಂದರೆ "ಶಾಲಿವಾಹನ ಶಕ 17" ಆದ ಮೇಲೆ ಒರಲೆಯ ತೂತು, ಅದರಾಚೆ ಒಂದು ಸೊನ್ನೆ. ಪುಣ್ಯಕ್ಕೆ ಮುಂದಿನ ಸಾಲು ಉಳಿದಿತ್ತು: ಕಾಳಯುಕ್ತಿ ಸಂವತ್ಸರ, ಮಾಘ ಶುದ್ಧ 15 (ಅಂದರೆ ಹುಣ್ಣಿಮೆ), ಗುರುವಾರ.

ನಾನು ಮೇಷ್ಟ್ರಾಗಿದ್ದವನು. ಶಾಸನ ಓದುವ ಹುಚ್ಚು ಹತ್ತಿದ್ದು ನಿವೃತ್ತಿಯ ನಂತರ. ಅಲ್ಲಿ ಮೊದಲು ಕಲಿತದ್ದು ಸಂವತ್ಸರದ ಲೆಕ್ಕ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಪ್ರಭವ 1 ಅಂತ ಹಿಡಿದರೆ ಶೇಷವೇ ಸಂವತ್ಸರದ ಸಂಖ್ಯೆ. ಕಾಳಯುಕ್ತಿ 52ನೆಯದು. ತೂತಿನಲ್ಲಿ ಸೊನ್ನೆಯಿಂದ ಒಂಬತ್ತರ ತನಕ ಒಂದೊಂದೇ ಅಂಕೆ ಇಟ್ಟು ನೋಡಿದೆ. ಎರಡೇ ಹೊಂದಿದವು: 1720, 1780.

ದೊಡ್ಡಪ್ಪನಿಗೆ ಖುಷಿಯೋ ಖುಷಿ. ಶಕ 1720ರ ಮಾಘ ಅಂದರೆ 1799ರ ಫೆಬ್ರವರಿ. ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷ ಮೇ 4ಕ್ಕೆ.

ಇನ್ನು ಉಳಿದದ್ದು ವಾರ. ಹಳೆಯ ತಿಥಿ ತೋರಿಸುವ ತಂತ್ರಾಂಶ ನನ್ನ ಕಂಪ್ಯೂಟರಿನಲ್ಲಿದೆ. 1799ರ ಮಾಘ ಹುಣ್ಣಿಮೆ ಫೆಬ್ರವರಿ 20, ಬುಧವಾರ. ಗುರುವಾರ ಅಲ್ಲ. ಸರಿ, 1780 ಇರಬೇಕು ಅಂತ 78 ಕೂಡಿಸಿ 1858 ಹಾಕಿದೆ. ಅಲ್ಲಿ ಜನವರಿ 29, ಶುಕ್ರವಾರ! ಒಂದು ಹಿಂದೆ, ಒಂದು ಮುಂದೆ. ಬರೆದವನೇ ವಾರ ತಪ್ಪಿದ್ದಾನೆ ಅಂತ ಬೈದುಕೊಂಡು ಮಲಗಿದೆ.

ತಪ್ಪಿದ್ದು ನಾನೇ. ಶಕವರ್ಷ ಸುರುವಾಗುವುದು ಯುಗಾದಿಗೆ. ಮಾಘ ಬರುವಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಹೊಸ ವರ್ಷಕ್ಕೆ ದಾಟಿರುತ್ತದೆ, ಹಾಗಾಗಿ 79 ಕೂಡಿಸಬೇಕು. ಮಕ್ಕಳಿಗೆ ಪಾಠ ಮಾಡಿದವನಿಗೆ ಇದು ಮರೆತುಹೋಗಿತ್ತು ನೋಡಿ. 1859ರ ಫೆಬ್ರವರಿ 17 ಹಾಕಿದೆ. ಹುಣ್ಣಿಮೆ, ಗುರುವಾರ.

ಆದರೂ ಮನಸ್ಸು ಒಪ್ಪಲಿಲ್ಲ. ತಿಥಿ ಸೂರ್ಯೋದಯಕ್ಕೆ ಇತ್ತೋ, ಮಧ್ಯಾಹ್ನಕ್ಕೆ ಮುಗಿಯಿತೋ ಅನ್ನುವುದರ ಮೇಲೆ ವಾರ ಒಂದು ದಿನ ಆಚೀಚೆ ಆಗುವುದುಂಟು. ಒಂದು ದಿನದ ಬಲದ ಮೇಲೆ 60 ವರ್ಷ ತಳ್ಳಿಹಾಕುವುದು ಸ್ವಲ್ಪ ಜಾಸ್ತಿಯೇ ಆಯಿತಲ್ವಾ? ಹೀಗಿರುವಾಗ ಬೇರೆಯದೇ ಒಂದು ಎಣಿಕೆ ಬೇಕು. ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ಶಕ 556 ಅಂತಲೂ ಹೇಳುತ್ತಾನೆ, ಭಾರತ ಯುದ್ಧವಾಗಿ 3735 ವರ್ಷ ಅಂತಲೂ ಹೇಳುತ್ತಾನೆ. ಎರಡರ ನಡುವಿನ ಅಂತರ 3179. ಆ ಯುದ್ಧದ ಎಣಿಕೆಯೇ ಈಗಿನ ಪಂಚಾಂಗದ ಗತಕಲಿ, ಅಂದರೆ ಕಲಿಯುಗದಲ್ಲಿ ಸಂದ ವರ್ಷ; ಅದರಲ್ಲಿ ಗತಶಕ (ಸಂದ ಶಕವರ್ಷ) ಕಳೆದರೂ ಅಷ್ಟೇ ಬರುತ್ತದೆ. ಮಧ್ಯೆ ಸುಮಾರು 1400 ವರ್ಷ ಹೋಗಿದೆ, ಎರಡೂ ಎಣಿಕೆಗಳ ನಡುವೆ ಒಂದು ವರ್ಷವೂ ಹೆಚ್ಚುಕಡಿಮೆ ಆಗಿಲ್ಲ. ಇದನ್ನು ಮೊದಲ ಸಲ ಕಳೆದು ನೋಡಿದ ದಿನ ನನಗೆ ರೋಮಾಂಚನ ಆಗಿತ್ತು.

ನಮ್ಮ ಕಾಗದದ ಬೆನ್ನಲ್ಲಿ ಬೇರೆ ಕೈಬರಹದಲ್ಲಿ ಒಂದು ಗೆರೆ ಮಲಯಾಳ ಇತ್ತು. ಆಚೆಮನೆಯ ಮಲಯಾಳ ಮಾಷ್ ಕನ್ನಡಕ ಏರಿಸಿ ಓದಿದರು: "1034 ಕುಂಭಂ." ಕೊಲ್ಲಂ ವರ್ಷ, ಅಂದರೆ ಮಲಯಾಳದವರ ವರ್ಷದ ಎಣಿಕೆ. ಕುಂಭ ಮಾಸಕ್ಕೆ 825 ಕೂಡಿಸಿದರೆ 1859.

"ಸಿಂಹ ಮಾಸ ಆಗಿದ್ದರೆ ನಿಮಗೆ ಕಷ್ಟ ಇತ್ತು" ಅಂದರು ಮಾಷ್. ನಿಜ. ಹಿಂದೆ ತೆಂಕಣ ಕೇರಳದಲ್ಲಿ ಕೊಲ್ಲಂ ವರ್ಷ ಸಿಂಹಕ್ಕೆ ಸುರುವಾಗುತ್ತಿತ್ತು, ನಮ್ಮ ಈ ಉತ್ತರದ ಕಡೆ ಕನ್ಯಾಕ್ಕೆ. ಸಿಂಹ ಮಾಸದ ಕಾಗದವಾದರೆ ಬರೆದವನು ಯಾವ ಊರಿನವನು ಅಂತಲೂ ಹುಡುಕಬೇಕು.

ದೊಡ್ಡಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ತೂತನ್ನೇ ನೋಡುತ್ತಾ ಕೂತರು. "ಅಲ್ಲಿ 2 ಇದ್ದ ಹಾಗೇ ಕಾಣ್ತದೆ ನನಗೆ" ಅಂದರು.