ಪ್ಯಾಸೇಜ್ ಮೇಲೆ ಬಾಣ ಬಿಟ್ಟ ಕಥೆ

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲು. ಎಸ್ಸೆಸ್ಸೆಲ್ಸಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕದ ಪತ್ರಿಕೆಯಲ್ಲಿ ಪಾಠದ ಹೊರಗಿನ ಪ್ಯಾಸೇಜಿಗೆ, ಅಂದರೆ ಓದಿ ಉತ್ತರ ಬರೆಯುವ ಗದ್ಯಕ್ಕೆ, 4 ಅಂಕ. "ಅಷ್ಟಕ್ಕೆ ಯಾಕೆ ಮೇಡಂ ಒದ್ದಾಡ್ತೀರಿ? ಪದ್ಯ ಬಾಯಿಪಾಠ ಮಾಡಿಸಿ, ಲೆಟರ್ ಬರೆಸಿ, ಪಾಸಾಗ್ತಾರೆ" ಅಂದವರೇ ಜಾಸ್ತಿ.

ಮಕ್ಕಳ ಚಾಳಿ ನಿಮಗೂ ಗೊತ್ತಲ್ವಾ? ಪ್ರಶ್ನೆಯಲ್ಲಿರುವ ಒಂದು ಪದ ಹುಡುಕುತ್ತಾರೆ, ಅದಿರುವ ಸಾಲನ್ನು ಹಾಗೇ ಇಳಿಸುತ್ತಾರೆ. ಇದನ್ನು ಬಿಡಿಸಲು ಮೊದಲು ಪದಗಳ ಅರ್ಥ ಬರೆಸಿದೆ. ನೋಟ್‌ಬುಕ್ ತುಂಬಿತು, ಅಷ್ಟೇ. ಆಮೇಲೆ ವಾರಕ್ಕೆರಡು ಪ್ಯಾಸೇಜ್ ಜೆರಾಕ್ಸ್ ಮಾಡಿಸಿದೆ. ನಲವತ್ತು ಚಿಲ್ಲರೆ ಮಕ್ಕಳು, ಪುಟಕ್ಕೆ ಎರಡು ರೂಪಾಯಿ. ತಿಂಗಳಿಗೆ ಆರೇಳು ನೂರು ಕೈಯಿಂದ ಹೋಯಿತು, ಹಾಳೆಗಳು ರಾಕೆಟ್ ಆದವು.

ಕೊನೆಗೆ ಕೈ ಹಿಡಿದದ್ದು ಬಾಣ. ಪ್ರಶ್ನೆ ಕೊಡಲೇ ಇಲ್ಲ. ಪ್ಯಾಸೇಜಿನಲ್ಲಿ ಹಿ, ಇಟ್, ದೇ, ದಿಸ್ ಎಲ್ಲಿದ್ದರೂ ಸುತ್ತು ಹಾಕಿ, ಅದು ಯಾರನ್ನು ಹೇಳುತ್ತದೋ ಅಲ್ಲಿಗೆ ಬಾಣ ಎಳೆಯಿರಿ ಅಂದೆ. ಬೋರ್ಡಿನ ಮೇಲೆ ಬರೆದ ಮೊದಲ ಸಾಲು: "ದ ಫಾರ್ಮರ್ ಸೋಲ್ಡ್ ಹಿಸ್ ಬುಲಕ್ ಟು ಎ ಟ್ರೇಡರ್. ಹಿ ಪೇಯ್ಡ್ ವೆಲ್ ಬಿಕಾಸ್ ಇಟ್ ವಾಸ್ ಸ್ಟ್ರಾಂಗ್." ಅರ್ಧ ಕ್ಲಾಸು 'ಹಿ'ಯಿಂದ ರೈತನಿಗೆ ಬಾಣ ಬಿಟ್ಟಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಎತ್ತು ಮಾರಿದವನು ದುಡ್ಡು ಯಾಕೆ ಕೊಡ್ತಾನೆ?" ಅಂದ. ಗಲಾಟೆಯೋ ಗಲಾಟೆ. ಪಕ್ಕದ ಕ್ಲಾಸಿನವರು ಬಂದು ಇಣುಕಿದರು.

ಜೆರಾಕ್ಸ್ ಖರ್ಚಿಗೂ ದಾರಿ ಸಿಕ್ಕಿತು. ಇಪ್ಪತ್ತು ಚಿಲ್ಲರೆ ಪ್ಯಾಸೇಜ್‌ಗಳಿಗೆ ಲ್ಯಾಮಿನೇಶನ್ ಮಾಡಿಸಿದೆ, ಒಟ್ಟು ಐನೂರರ ಆಸುಪಾಸು. ಇಬ್ಬರಿಗೆ ಒಂದು ಕಾರ್ಡು. ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬಾಣ ಎಳೆದು ಒರೆಸಿದರೆ ಮುಗಿಯಿತು. ಮಕ್ಕಳು ಅಂಗಿ ತೋಳಲ್ಲೇ ಒರೆಸುತ್ತಾರೆ, ಅಮ್ಮಂದಿರ ಬೈಗುಳ ನನಗೆ.

ನಡುವೆ ಕೀಟನಾಶಕದ ಡಬ್ಬಿಯ ಇಂಗ್ಲಿಷ್ ಸೂಚನೆಯನ್ನೂ ಬೋರ್ಡಿಗೆ ಇಳಿಸಿ ನೋಡಿದೆ. ಬರೀ 'ಮಾಡು, ಮಾಡಬೇಡ', ಬಾಣಕ್ಕೆ ಗುರಿಯೇ ಇಲ್ಲ. ಆದರೆ ಹುಡುಗರು ಅದನ್ನು ಓದಿದಷ್ಟು ಆಸೆಯಿಂದ ಪಾಠವನ್ನೂ ಓದಿಲ್ಲ. ಕ್ರಿಕೆಟ್ ವರದಿ ಇನ್ನೂ ಚೆನ್ನಾಗಿ ಓಡಿತು.

ದೀಪಾವಳಿ ಕಳೆದ ಮೇಲೆ ಪ್ರಶ್ನೆ ಕೊಟ್ಟೆ. 'ಯಾಕೆ' ಎಂಬ ಪ್ರಶ್ನೆಗೆ ಪದ ಸಿಕ್ಕ ಸಾಲಲ್ಲದೆ, ಅದರ ಮೇಲಿನ, ಕೆಳಗಿನ ಸಾಲನ್ನೂ ತಾವೇ ನೋಡತೊಡಗಿದರು. ಎಸ್ಸೆಸ್ಸೆಲ್ಸಿಗೆ ಮುಂಚಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಪೂರ್ತಿ 4 ತೆಗೆದರು. ಪತ್ರಿಕೆ ತಿದ್ದಿದ್ದು ನಾನಲ್ಲ, ಅದೂ ತಿಳಿದಿರಲಿ! ಕಾರ್ಡುಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಾಯಿಪಾಠ ಮಾಡಿಸಿ ಅಂದಿದ್ದ ಸರ್ ಮೊನ್ನೆ ಒಂಬತ್ತನೇ ಕ್ಲಾಸಿಗೆ ಕಾರ್ಡು ಕೇಳಿದರು. ಕೊಟ್ಟೆ. ಮಾರ್ಕರ್ ನೀವೇ ತನ್ನಿ ಸರ್ ಅಂದೆ.