ಆಯ್ಕೆಯಾಗದವರ ಪಟ್ಟಿ: ಕೊಡಗಿನಲ್ಲಿ ಯುವ ಉದ್ಯಮಿಗಳ ಯೋಜನೆಯೊಂದನ್ನು ಮೌಲ್ಯಮಾಪನ ಮಾಡಿದ ನನ್ನ ಅನುಭವ

ಕೊಡಗಿನ ಯುವಕ ಯುವತಿಯರಿಗೆ ಸ್ವಂತ ಉದ್ಯಮ ಆರಂಭಿಸಲು ನೆರವಾಗುವ ಯೋಜನೆಯೊಂದರ ಮೌಲ್ಯಮಾಪನವನ್ನು 2024ರ ಆರಂಭದಲ್ಲಿ ನನಗೆ ಒಪ್ಪಿಸಲಾಯಿತು. ಎರಡು ವಾರಗಳ ತರಬೇತಿ, ಯಂತ್ರ ಸಾಮಗ್ರಿಗೆ ಒಂದಿಷ್ಟು ಸಹಾಯಧನ, ಬಳಿಕ ಒಂದು ವರ್ಷ ಅನುಭವಸ್ಥರ ಮಾರ್ಗದರ್ಶನ, ಇವಿಷ್ಟು ಯೋಜನೆಯಲ್ಲಿದ್ದವು. ಮೊದಲ ತಂಡ 2017ರಲ್ಲಿ ತರಬೇತಿ ಪಡೆದಿತ್ತು, ಕೊನೆಯದು 2022ರಲ್ಲಿ. ನನ್ನ ಕೈಗೆ ಬಂದ ಕಡತದಲ್ಲಿ ಯಶಸ್ಸಿಗೆ ಪುರಾವೆಯಾಗಿ ಇರಿಸಿದ್ದು ಬಹುಪಾಲು ಉದ್ಯಮ್ ನೋಂದಣಿ ಪತ್ರಗಳು, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಪತ್ರಗಳು. ಆಧಾರ್ ಮತ್ತು ಪ್ಯಾನ್ ಸಂಖ್ಯೆಯಿರುವ ಯಾರಾದರೂ ಶುಲ್ಕವಿಲ್ಲದೆ ಆನ್‌ಲೈನಿನಲ್ಲಿ ಪಡೆಯಬಹುದಾದ ಆ ಪತ್ರದಿಂದ ಅಂಗಡಿಯ ಬಾಗಿಲು ಇಂದಿಗೂ ತೆರೆದಿದೆಯೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಕಡತವನ್ನು ಬದಿಗಿಟ್ಟು ಊರೂರು ತಿರುಗಲು ನಿರ್ಧರಿಸಿದೆ.

ಮೊದಲ ಸುತ್ತಿನಲ್ಲಿಯೇ ನನ್ನಿಂದ ದೊಡ್ಡ ತಪ್ಪಾಯಿತು. ನಾನು ಹೊರಟದ್ದು ಫೆಬ್ರುವರಿಯಲ್ಲಿ. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು, ಕಣಗಳಲ್ಲಿ ಕಾಫಿ ಒಣಗುತ್ತಿತ್ತು, ಎಲ್ಲರ ಕೈಯಲ್ಲಿ ಹಣ ಓಡಾಡುತ್ತಿತ್ತು. ಪ್ರಶ್ನಾವಳಿಯಲ್ಲಿ ‘ತಿಂಗಳ ಸರಾಸರಿ ಆದಾಯ’ ಎಂಬ ಒಂದೇ ಅಂಕಣವಿತ್ತು. ಸೋಮವಾರಪೇಟೆ ಕಡೆ ಹೊಲಿಗೆ ಘಟಕ ನಡೆಸುತ್ತಿದ್ದ ಯುವತಿಯೊಬ್ಬಳು ಅದನ್ನು ನೋಡಿ, “ಮೇಡಂ, ಯಾವ ತಿಂಗಳಿನದು ಬರೆಯಲಿ? ಈಗಿನದೋ, ಕಕ್ಕಡದ್ದೋ?” ಎಂದು ಕೇಳಿದಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕಕ್ಕಡ ಮಾಸದಲ್ಲಿ ಮಳೆ ಬಿಡದೆ ಸುರಿಯುತ್ತದೆ, ಕೆಲಸವೂ ವ್ಯಾಪಾರವೂ ತಗ್ಗುತ್ತವೆ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರವರೆಗೆ ತುಂಬಿಸಿದ್ದ ನಮೂನೆಗಳನ್ನೆಲ್ಲ ಕೈಬಿಟ್ಟು, ವರ್ಷವನ್ನು ಇಲ್ಲಿಯ ಜನ ನೆನಪಿಟ್ಟುಕೊಳ್ಳುವ ರೀತಿಯಲ್ಲಿಯೇ ಹೊಸ ನಮೂನೆ ಮಾಡಿದೆ: ಅರೇಬಿಕಾ ಕೊಯ್ಲು, ರೋಬಸ್ಟಾ ಕೊಯ್ಲು, ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆ, ಶಾಲೆ ತೆರೆಯುವ ಹೊತ್ತು, ಕಕ್ಕಡ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್, ಸುಗ್ಗಿಯ ಹಬ್ಬವಾದ ಪುತ್ತರಿ. ಪ್ರತಿಯೊಂದು ಕಾಲದಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು, ಮನೆಯ ಖರ್ಚಿಗೆ ತೆಗೆದದ್ದೆಷ್ಟು ಎಂದು ಕೇಳಿದಾಗ ಉತ್ತರಗಳು ತಡೆಯಿಲ್ಲದೆ ಬರತೊಡಗಿದವು. ನಾಲ್ಕು ವಾರಗಳ ಕೆಲಸ ಹತ್ತು ವಾರಗಳಾಯಿತು. ಆ ವಿಳಂಬಕ್ಕೆ ನನಗೆ ವಿಷಾದವಿಲ್ಲ.

ಲಾಭ ಲೆಕ್ಕ ಹಾಕುವುದು ಅದಕ್ಕಿಂತಲೂ ಕಠಿಣವಾಗಿತ್ತು. ವಿರಾಜಪೇಟೆಯ ಹತ್ತಿರ ಒಬ್ಬ ಯುವಕ ಕಾಫಿ ಹುರಿದು ಪುಡಿ ಮಾಡಿ ಮಾರುತ್ತಿದ್ದ. ಅವನ ಪುಸ್ತಕದಲ್ಲಿ ಒಳ್ಳೆಯ ಲಾಭ ಕಾಣುತ್ತಿತ್ತು, ಆದರೆ ಕಾಫಿ ಬೀಜಕ್ಕೆ ಅವನು ಬೆಲೆಯನ್ನೇ ಬರೆದಿರಲಿಲ್ಲ, ಏಕೆಂದರೆ ಅದು ತಂದೆಯ ತೋಟದ್ದು. ಐವತ್ತು ಕಿಲೋ ಚೀಲಕ್ಕೆ ಅಂದಿನ ಮಾರುಕಟ್ಟೆಯ ದರ ಹಿಡಿದು ಇಬ್ಬರೂ ಕುಳಿತು ಮತ್ತೆ ಲೆಕ್ಕ ಹಾಕಿದೆವು. ಆ ವರ್ಷ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತ್ತು; ಬೀಜವನ್ನು ಹಾಗೆಯೇ ವ್ಯಾಪಾರಿಗೆ ಕೊಟ್ಟಿದ್ದರೆ ಪುಡಿ ಮಾರಿದ್ದಕ್ಕಿಂತ ಹೆಚ್ಚು ಹಣ ಮನೆಗೆ ಬರುತ್ತಿತ್ತು. ಕುಟುಂಬ ಏಳಿಗೆಯಲ್ಲಿತ್ತು, ಉದ್ಯಮ ನಷ್ಟದಲ್ಲಿತ್ತು. ಕುಟುಂಬದ ಆದಾಯ ಹೆಚ್ಚಿದ್ದನ್ನು ಕಂಡು ಯೋಜನೆಯ ಫಲವೆಂದು ಬರೆದುಬಿಡುವುದು ಎಷ್ಟು ಸುಲಭವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಎಚ್ಚರವಾಗುತ್ತದೆ.

ಇದೇ ತೊಡಕು ಹೋಂಸ್ಟೇಗಳಲ್ಲಿಯೂ ಎದುರಾಯಿತು. 2017ರ ತಂಡದಲ್ಲಿ ಹೋಂಸ್ಟೇ ಆರಂಭಿಸಿದವರು ಮರುವರ್ಷದ ಆಗಸ್ಟಿನಲ್ಲಿ ಭೂಕುಸಿತವನ್ನು ಕಂಡರು. ಮಡಿಕೇರಿಯ ಸುತ್ತಲಿನ ರಸ್ತೆಗಳು ಕುಸಿದು ಪ್ರವಾಸಿಗರು ಬರುವುದೇ ನಿಂತುಹೋಯಿತು. 2019ರಲ್ಲಿ ಮತ್ತೆ ನೆರೆ, 2020ರಲ್ಲಿ ಕೊರೊನಾ. ತರಬೇತಿಯ ಮುಂಚಿನ ಆದಾಯವನ್ನೂ ಅನಂತರದ ಆದಾಯವನ್ನೂ ಹೋಲಿಸಿದರೆ ಮೊದಲ ತಂಡದವರ ಪಾಲಿಗೆ ಯೋಜನೆ ಸಂಪೂರ್ಣ ವಿಫಲವೆಂದೇ ತೋರುತ್ತಿತ್ತು. ನಿರ್ಬಂಧಗಳು ಸಡಿಲವಾದ ಮೇಲೆ ಬಂದ ತಂಡಗಳಿಗೆ ಅದೇ ಹೋಲಿಕೆ ಮಾಡಿದರೆ ಅದ್ಭುತ ಫಲ ಕಾಣುತ್ತಿತ್ತು. ಎರಡೂ ಕಡೆ ಪಾಠ ಒಂದೇ, ಸಹಾಯಧನದ ಮೊತ್ತವೂ ಒಂದೇ.

ನೆರವು ಸಿಗದಿದ್ದರೆ ಇವರ ಸ್ಥಿತಿ ಏನಾಗಿರುತ್ತಿತ್ತು ಎಂಬುದೇ ನನಗೆ ಬೇಕಾಗಿದ್ದ ಉತ್ತರ. ಅದಕ್ಕೆ ಹತ್ತಿರವಾಗುವ ದಾರಿಯೆಂದರೆ ಅರ್ಜಿ ಹಾಕಿ ಆಯ್ಕೆಯಾಗದೆ ಉಳಿದವರನ್ನು ಹುಡುಕುವುದು. ಯೋಜನೆ ನಡೆಸುತ್ತಿದ್ದ ಸಂಸ್ಥೆಯ ಕಚೇರಿಯಲ್ಲಿ ಅಂತಹ ಪಟ್ಟಿಯೇ ಇಲ್ಲವೆಂದು ಮೊದಲು ಹೇಳಿದರು. ಮೂರನೆಯ ಬಾರಿ ಕೇಳಿದಾಗ, ಹಳೆಯ ಸಿಬ್ಬಂದಿಯೊಬ್ಬರು ಅಲಮಾರಿಯ ಕೆಳಗಿನ ಅರೆಯಿಂದ ಸಂದರ್ಶನದ ಅಂಕಪಟ್ಟಿಗಳ ಕಟ್ಟನ್ನು ತೆಗೆದುಕೊಟ್ಟರು. ನೂರಕ್ಕೆ ಅರವತ್ತು ಅಥವಾ ಹೆಚ್ಚು ಅಂಕ ಬಂದವರು ಆಯ್ಕೆಯಾಗಿದ್ದರು. ಐವತ್ತೆಂಟು ಬಂದವನಿಗೂ ಅರವತ್ತೊಂದು ಬಂದವನಿಗೂ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಒಬ್ಬನಿಗೆ ನೆರವು ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ, ಅಷ್ಟೇ. ಗೆರೆಯ ಆಚೆ ಈಚೆ ಇದ್ದವರನ್ನೇ ಜೋಡಿಸಿಕೊಂಡು, ಅವರ ಮನೆಗಳಿಗೆ ಒಂದೇ ನಮೂನೆ ಹಿಡಿದು ಹೋದೆ.

ಉಗಾಂಡದ ಉತ್ತರ ಭಾಗದಲ್ಲಿ 2008ರಲ್ಲಿ ಯುವಜನರ ಗುಂಪುಗಳಿಗೆ ಸಹಾಯಧನ ಹಂಚುವಾಗ ಅರ್ಹರ ನಡುವೆ ಚೀಟಿ ಎತ್ತಿದ್ದರು. ನಾಲ್ಕು ವರ್ಷಗಳ ಬಳಿಕ ಹಣ ಪಡೆದವರ ಗಳಿಕೆ ಪಡೆಯದವರಿಗಿಂತ ಶೇಕಡಾ 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷಗಳ ಬಳಿಕ ಅದೇ ಜನರನ್ನು ಮತ್ತೆ ಕಂಡಾಗ ಗಳಿಕೆಯ ಅಂತರ ಬಹುಮಟ್ಟಿಗೆ ಅಳಿದುಹೋಗಿತ್ತು, ಏಕೆಂದರೆ ಹಣ ಸಿಗದವರು ತಾವಾಗಿಯೇ ಮೇಲೆ ಬಂದಿದ್ದರು. ನಾಲ್ಕನೆಯ ವರ್ಷಕ್ಕೆ ನಿಲ್ಲಿಸಿದ್ದರೆ ಈ ಸಂಗತಿ ಗೊತ್ತಾಗುತ್ತಲೇ ಇರಲಿಲ್ಲ. ನನ್ನ ಅಧ್ಯಯನ ಅದರ ಮುಂದೆ ತೀರ ಚಿಕ್ಕದು, ಜೋಡಿಗಳು ಮೂವತ್ತನ್ನೂ ಮುಟ್ಟಲಿಲ್ಲ. ಹಾಗಾಗಿ ಶೇಕಡಾವಾರು ಅಂಕಿಗಳನ್ನು ವರದಿಯಲ್ಲಿ ಕೊಡಲು ನಾನು ಒಪ್ಪಲಿಲ್ಲ.

ಆದರೂ ಕಂಡದ್ದನ್ನು ಹೇಳಬಹುದಿತ್ತು. ಆಯ್ಕೆಯಾಗದ ಹುಡುಗರಲ್ಲಿ ಹಲವರು ತೋಟದ ಹಣದಿಂದಲೋ ಚಿಕ್ಕಪ್ಪನಿಂದ ಸಾಲ ಪಡೆದೋ ಹೇಗಿದ್ದರೂ ಉದ್ಯಮ ಆರಂಭಿಸಿದ್ದರು. ಕೆಲವರು ಬೆಂಗಳೂರಿಗೆ ಹೋಗಿ ಚೆನ್ನಾಗಿಯೇ ದುಡಿಯುತ್ತಿದ್ದರು. ಅಂಥವರ ವಿಷಯದಲ್ಲಿ ಯೋಜನೆಯಿಂದಾದ ವ್ಯತ್ಯಾಸ ಅತ್ಯಲ್ಪ. ಹೆಣ್ಣುಮಕ್ಕಳ ಕಥೆ ಬೇರೆಯಾಗಿತ್ತು. ಇಲ್ಲಿಯ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮ್ಮಾ ಭೂಮಿಯ ಪಹಣಿ ಕುಟುಂಬದ ಹಿರಿಯ ಪಟ್ಟೆದಾರರ ಹೆಸರಿನಲ್ಲಿಯೇ ಉಳಿದಿದ್ದರಿಂದ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೇ ಅಡಮಾನಕ್ಕೆ ಕಾಗದವಿರಲಿಲ್ಲ, ಇನ್ನು ಮಗಳಿಗೂ ಸೊಸೆಗೂ ಎಲ್ಲಿಂದ ಬರಬೇಕು? ಆಯ್ಕೆಯಾಗದ ಯುವತಿಯರಲ್ಲಿ ನಾನು ಕಂಡ ಹೆಚ್ಚಿನವರು ಏನನ್ನೂ ಆರಂಭಿಸಿರಲಿಲ್ಲ. ಆಯ್ಕೆಯಾದವರಲ್ಲಿ ಹೆಚ್ಚಿನವರು ಆರಂಭಿಸಿ, ಚಿಕ್ಕದಾಗಿಯಾದರೂ ಉಳಿಸಿಕೊಂಡಿದ್ದರು. ಯೋಜನೆ ನಿಜವಾಗಿ ಕೆಲಸ ಮಾಡಿದ್ದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಆಯ್ಕೆಯಾದವರಲ್ಲಿ ಯುವತಿಯರ ಪಾಲೇ ಕಡಿಮೆಯಾಗಿತ್ತು.

ಎರಡೂ ಪಟ್ಟಿಗಳಲ್ಲಿ ಇಲ್ಲದವರೂ ಇದ್ದರು. ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಕೂಲಿಕಾರರಿಗೆಂದು ಕಟ್ಟಿದ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ ಬದುಕುವ ಯರವ, ಜೇನು ಕುರುಬ ಬುಡಕಟ್ಟು ಸಮುದಾಯಗಳಿಂದ ಒಂದು ಅರ್ಜಿಯೂ ಬಂದಿರಲಿಲ್ಲ. ಪ್ರಕಟಣೆ ಹೋದದ್ದು ವಾಟ್ಸ್ಆ್ಯಪ್ ಗುಂಪುಗಳಿಗೆ, ಅರ್ಜಿಯ ಮೂರನೆಯ ಅಂಕಣ ಕೇಳಿದ್ದು ಜಮೀನಿನ ದಾಖಲೆಯನ್ನು. ಅಂಕಪಟ್ಟಿಯ ಮೇಲೆ ನಿಂತ ನನ್ನ ವಿಧಾನಕ್ಕೆ ಇವರು ಸಿಗುವಂತೆಯೇ ಇರಲಿಲ್ಲ. ಲೈನ್‌ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದರಿಂದಲೇ ಅದು ತಿಳಿಯಿತು. ಹತ್ತನೆಯ ತರಗತಿ ಮುಗಿಸಿದ ಒಬ್ಬ ಹುಡುಗ ಬೈಕ್ ರಿಪೇರಿ ಕಲಿತಿದ್ದ, ಪಾನಾ ಸೆಟ್ ಕೊಳ್ಳಲು ಹಣ ಕೂಡಿಸುತ್ತಿದ್ದ. ಇಂಥದ್ದೊಂದು ಯೋಜನೆ ತನ್ನ ಊರಿನಲ್ಲಿ ಇದ್ದದ್ದು ಅವನಿಗೆ ತಿಳಿದದ್ದು ನನ್ನಿಂದ.

ವರದಿ ಮಂಡಿಸಿದ ದಿನ ಸಂಸ್ಥೆಯವರಿಗೆ ಬೇಸರವಾಯಿತು, ಅದು ಸಹಜ. ಎಷ್ಟು ಮಂದಿಗೆ ಉದ್ಯೋಗ ಸೃಷ್ಟಿಯಾಯಿತು ಎಂಬ ಒಂದು ಸಂಖ್ಯೆಯನ್ನು ಅವರು ನಿರೀಕ್ಷಿಸಿದ್ದರು. ಒಂದು ಹೋಂಸ್ಟೇಗೆ ಬಂದ ಅತಿಥಿ ಪಕ್ಕದ ಹೋಂಸ್ಟೇ ಬಿಟ್ಟು ಬಂದವನಾಗಿದ್ದರೆ ಅದನ್ನು ಹೊಸ ಉದ್ಯೋಗವೆಂದು ಎಣಿಸಲಾಗದು ಎಂದು ವಿವರಿಸಿದೆ. ಬಹಳ ಚರ್ಚೆಯ ನಂತರ ಅರ್ಜಿಯಿಂದ ಜಮೀನಿನ ಅಂಕಣವನ್ನು ತೆಗೆಯಲು, ಮತ್ತು ಆಯ್ಕೆಯಾಗದವರ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಕಾಯ್ದಿರಿಸಲು ಒಪ್ಪಿದರು. ಅರ್ಹರು ಹೆಚ್ಚಾದಾಗ ಚೀಟಿ ಎತ್ತಿ ಆಯ್ಕೆ ಮಾಡಿ ಎಂಬ ನನ್ನ ಸಲಹೆಯನ್ನು ಒಪ್ಪಲಿಲ್ಲ. ಬಡ ಹುಡುಗಿಯ ಭವಿಷ್ಯವನ್ನು ಚೀಟಿಗೆ ಬಿಡುವುದು ನ್ಯಾಯವಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಹತ್ತು ನಿಮಿಷಗಳ ಸಂದರ್ಶನದ ಅಂಕ ಅದಕ್ಕಿಂತ ನ್ಯಾಯವಾದದ್ದೇ ಎಂದು ನಾನು ಕೇಳಿದೆ. ಆ ಮಾತು ಅಲ್ಲಿಗೇ ನಿಂತಿದೆ. ಮರುಭೇಟಿಗೆ ಮಾತ್ರ ಹಣ ಮಂಜೂರಾಗಿದೆ, ಈ ಬಾರಿ ಕಕ್ಕಡದಲ್ಲಿಯೇ ಹೋಗುವುದೆಂದು ಬರೆದುಕೊಟ್ಟಿದ್ದೇನೆ.