ಲಂಗರಿನ ಗುರುತಿನ ಹಿಡಿ, ಹರಿಹರದ ಲೇತು

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ಲೇತ್ ಅಂಗಡಿ ಇದೆ. ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಅಕ್ಕಿ ಗಿರಣಿಯ ಸಣ್ಣಪುಟ್ಟ ಭಾಗಗಳು, ದಿನಾ ಬರುವ ಕೆಲಸ ಇಂಥದ್ದೇ. ಮರದ ಕೆಲಸ ನಾನು ಮಾಡುವುದು ಖುಷಿಗೆ, ಭಾನುವಾರ. ಹಾಗಾಗಿ ಬಾರಿನಲ್ಲಿ ಬಿಯರ್ ಬಿಡುವ ನಲ್ಲಿಯ ಒಂದು ಮರದ ಹಿಡಿ ನನ್ನ ಮೂರು ಭಾನುವಾರ ತಿಂದಿತು ಅಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ಹೊತ್ತು ಕೊಡಬೇಕಾದ ವಸ್ತುವೇ ಅದು.

ನನ್ನ ಅಕ್ಕನ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ವರ್ಷ ಇದ್ದ. 2018ರಲ್ಲಿ ಊರಿಗೆ ಬಂದಾಗ ಬಟ್ಟೆಯಲ್ಲಿ ಸುತ್ತಿದ ಮರದ ಹಿಡಿಯೊಂದನ್ನು ನನ್ನ ಕೈಗಿಟ್ಟ. "ಮಾವ, ಇದು ನಿಮಗೇ ಸರಿ. ಲೇತಲ್ಲಿ ಕಡೆದ ಕೆಲಸ ನೋಡಿ" ಅಂದ. ಸುಮಾರು ಒಂದು ಅಡಿ ಉದ್ದ. ಬುಡ ಸಣ್ಣ, ಮೇಲೆ ಹೋದಂತೆ ದಪ್ಪ, ತಲೆಯ ಹತ್ತಿರ ಲಂಗರಿನ ಚಿತ್ರ. ಬುಡಕ್ಕೆ ಲೋಹದ ಬಳೆ, ಅದರೊಳಗೆ ಬೋಲ್ಟ್ ತಿರುಗಿಸಲು ಥ್ರೆಡ್ (ತಿರುಪಿನ ಸುರುಳಿ ಗೆರೆ) ಇರುವ ತೂತು. ಅವ್ವ ಕೈಯಲ್ಲಿ ಹಿಡಿದು ನೋಡಿ "ಇದೇನೋ, ಕೊಡೆ ಹಿಡಿ ಇದ್ದಂಗೈತೆ" ಅಂದಳು. ಬಿಯರಿನದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಚೆಂದಾಗೈತೆ" ಅಂತ ವಾಪಸ್ ಕೊಟ್ಟಳು. ಪಡಸಾಲೆಯ ಶೋಕೇಸಿನಲ್ಲಿ ಇಡಲು ಅವಳೇ ಜಾಗ ಮಾಡಿದಳು.

ಆ ಹಿಡಿ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ (ಅಂದರೆ ಲಂಗರು) ಅನ್ನುವ ಬ್ರೂವರಿಯದು, ಬಿಯರ್ ಮಾಡುವ ಕಾರ್ಖಾನೆಯದು. ಆ ಹೆಸರಿನಲ್ಲಿ ಶುರುವಾದದ್ದು 1896ರಲ್ಲಿ. ಅವರ ಮುಖ್ಯ ಬಿಯರಿಗೆ ಸ್ಟೀಮ್ ಬಿಯರ್ ಅಂತ ಹೆಸರು. ಅದಕ್ಕೆ ಬಳಸುವುದು ಲಾಗರ್ ಅನ್ನುವ ಬಗೆಯ ಬಿಯರಿನ ಯೀಸ್ಟು, ಆ ಯೀಸ್ಟಿಗೆ ತಂಪು ಬೇಕು. ಆಗಿನ ಕ್ಯಾಲಿಫೋರ್ನಿಯಾದಲ್ಲಿ ಮಂಜುಗಡ್ಡೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಅದಕ್ಕೇ ಅಗಲವಾದ, ಆಳ ಕಡಿಮೆ ಇರುವ ತೆರೆದ ತೊಟ್ಟಿಗಳಲ್ಲಿ ಹುದುಗು ಬರಿಸುತ್ತಿದ್ದರು. ತೊಟ್ಟಿ ಅಗಲವಿದ್ದರೆ ಶಾಖ ಬೇಗ ಆರುತ್ತದೆ. ಇರುವುದರಲ್ಲೇ ದಾರಿ ಹುಡುಕಿದ ಕೆಲಸ ಇದು. ನಮ್ಮಂಥ ಅಂಗಡಿಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಅಲ್ವಾ?

1965ರಲ್ಲಿ ಆ ಬ್ರೂವರಿ ಮುಚ್ಚುವ ಹಂತಕ್ಕೆ ಬಂದಿತ್ತು. ಫ್ರಿಟ್ಜ್ ಮೇಟ್ಯಾಗ್ ಅನ್ನುವ ಯುವಕ ಅದರ ಹೆಚ್ಚಿನ ಪಾಲು ಕೊಂಡುಕೊಂಡ. ವಾಷಿಂಗ್ ಮಷೀನಿನ ಮೇಟ್ಯಾಗ್ ಮನೆತನದವನೇ. ಅಮೆರಿಕದ ತುಂಬ ದೊಡ್ಡ ಕಂಪನಿಗಳ ಒಂದೇ ರುಚಿಯ ಬಿಯರ್ ಹರಿಯುತ್ತಿದ್ದ ಕಾಲ ಅದು. ಅವನು ಸಣ್ಣ ಪ್ರಮಾಣದಲ್ಲಿ, ಹಳೆಯ ರೀತಿಯಲ್ಲೇ ಮಾಡಿದ. 1975ರಲ್ಲಿ ಲಿಬರ್ಟಿ ಏಲ್ ತಂದ. ಅದೇ ವರ್ಷದಿಂದ ಕ್ರಿಸ್‌ಮಸ್‌ಗೆ ಒಂದು ಬಿಯರ್ ಮಾಡತೊಡಗಿದ. ಅದರ ಲೇಬಲ್ಲಿನ ಮೇಲೆ ಪ್ರತಿ ವರ್ಷ ಬೇರೆ ಮರದ ಚಿತ್ರ. ಈಗ ಕ್ರಾಫ್ಟ್ ಬಿಯರ್ ಅಂತ ಕರೆಯುವ, ಸಣ್ಣ ಬ್ರೂವರಿಗಳ ಇಡೀ ಚಳವಳಿಗೆ ದಾರಿ ತೋರಿಸಿದವರಲ್ಲಿ ಅವನು ಮೊದಲಿಗ. ಅವರ ತಾಮ್ರದ ದೊಡ್ಡ ಹಂಡೆಗಳ ಫೋಟೋವನ್ನು ಅಳಿಯ ತೋರಿಸಿದ್ದ. ಆ ತಾಮ್ರದ ಬೆಸುಗೆ, ಬಾಗು ನೋಡುತ್ತಾ ನಾನು ತುಂಬ ಹೊತ್ತು ಕೂತಿದ್ದೆ.

ಹಿಡಿಗೂ ಒಂದು ಕಥೆ ಇದೆ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ತೆಗೆದ ಮೇಲೆ ನಲ್ಲಿಗಳ ಮೇಲೆ ಬಿಯರಿನ ಹೆಸರು ಬರೆದ ಸಣ್ಣ ಗುಂಡು ಹಿಡಿಗಳು ಬಂದವು. ಯಾವ ನಲ್ಲಿಯಲ್ಲಿ ಯಾವುದು ಬರುತ್ತದೆ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ. ಆಮೇಲೆ ಸಣ್ಣ ಬ್ರೂವರಿಗಳು ಬಂದವು. ಟಿವಿಯಲ್ಲಿ ಜಾಹೀರಾತು ಕೊಡಲು ಅವರ ಹತ್ತಿರ ದುಡ್ಡಿಲ್ಲ. ಹತ್ತಾರು ನಲ್ಲಿಗಳ ಸಾಲಿನಲ್ಲಿ ಕಣ್ಣಿಗೆ ಬೀಳಬೇಕಾದರೆ ಹಿಡಿಯೇ ಮಾತಾಡಬೇಕು. ಹಾಗಾಗಿ ಹಿಡಿ ಉದ್ದವಾಯಿತು, ಆಕಾರ ಬಂತು, ಕೊನೆಗೆ ಜನ ಕೂಡಿಡುವ ವಸ್ತುವಾಯಿತು.

ನಮ್ಮ ಮನೆಗೆ ಬಂದ ಹಿಡಿ ಎರಡನೇ ಬೇಸಿಗೆಯಲ್ಲಿ ಸೀಳಿತು. ಶೋಕೇಸು ಪಡುವಣ ಕಿಟಕಿಯ ಎದುರಿಗೆ ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ಕಡಲ ಮಂಜಿನ ಊರು. ನಮ್ಮ ಏಪ್ರಿಲ್ ನಿಮಗೆ ಗೊತ್ತೇ ಇದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಮರ ಒಣಗಿ ಕುಗ್ಗಿತು. ಒಳಗಿನ ಲೋಹದ ಬುಷ್, ಅಂದರೆ ಥ್ರೆಡ್ ಇರುವ ಕೊಳವೆ, ಕುಗ್ಗಲಿಲ್ಲ. ಬುಡದಿಂದ ಮೂರು ಇಂಚಿನವರೆಗೆ ಬಿರುಕು ಬಿಟ್ಟಿತು. ಬುಷ್ ಸುತ್ತಲಿನ ಮರ ಪುಡಿಪುಡಿ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟುಬಿಟ್ಟೆ. ಆಗ ಕೈ ಹಾಕುವ ಧೈರ್ಯ ಬರಲಿಲ್ಲ.

2023ರ ಜುಲೈನಲ್ಲಿ ಅಳಿಯನ ಫೋನ್ ಬಂತು. "ಮಾವ, ಆ್ಯಂಕರ್ ಮುಚ್ಚುತ್ತಾರಂತೆ." ಮೇಟ್ಯಾಗ್ 2010ರಲ್ಲೇ ಅದನ್ನು ಮಾರಿದ್ದ. 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿ ಕೊಂಡಿತ್ತು. ಅಳಿಯನ ದನಿ ಕುಗ್ಗಿತ್ತು. ಅವನಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಿತ್ತು, ಆದರೆ ಬಾಯಿಗೆ ಬರಲಿಲ್ಲ. ನಮ್ಮಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. 1941ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ಲೇತುಗಳನ್ನೇ ಮಾಡುತ್ತಿದ್ದರು. ಆ ಗೇಟು ಮುಚ್ಚಿ ಎಷ್ಟೋ ವರ್ಷವಾಯಿತು. ನನ್ನ ಅಂಗಡಿಯಲ್ಲಿರುವುದು ಅಲ್ಲಿ ತಯಾರಾದ ಹಳೆಯ ಲೇತು. ಇವತ್ತಿಗೂ ಅದರ ಬೆಡ್ ಮೇಲೆ ಕೈ ಆಡಿಸಿದರೆ ಅಪ್ಪನ ನೆನಪಾಗುತ್ತದೆ. ಅವತ್ತು ಸಂಜೆಯೇ ಡ್ರಾಯರ್ ತೆಗೆದೆ.

ಮೊದಲ ಭಾನುವಾರ ಕೆಲಸ ಕೆಟ್ಟಿತು. ಕಾರಣ ನನ್ನ ಅವಸರ. ಹಳೆಯ ಬುಷ್ ಸವೆದಿತ್ತು. ಅಳತೆ ಸುಮಾರು ಹತ್ತು ಮಿಲಿಮೀಟರ್ ಅನ್ನಿಸಿತು. ಎಂ10 (ಹತ್ತು ಮಿಲಿಮೀಟರಿನ ಮೆಟ್ರಿಕ್ ಅಳತೆ) ಥ್ರೆಡ್ಡೇ ಇರಬೇಕು ಅಂದುಕೊಂಡು ಹೊಸ ಬುಷ್ ಮಾಡಿದೆ. ಅಳಿಯ ಹಿಡಿಯ ಜೊತೆಗೆ ನಲ್ಲಿಯ ಬೋಲ್ಟನ್ನೂ ಕೊಟ್ಟಿದ್ದ. ಅದನ್ನು ಹಾಕಿ ನೋಡಿದರೆ ಲೊಡಲೊಡ ಅಲ್ಲಾಡಿತು, ಎರಡು ಮೂರು ಸುತ್ತಿಗೆ ಕಚ್ಚಿಕೊಂಡಿತು. ಆಮೇಲೆ ಪಿಚ್, ಅಂದರೆ ಎರಡು ಥ್ರೆಡ್ಡುಗಳ ನಡುವಿನ ಅಂತರ, ಅಳೆಯುವ ಗೇಜ್ ಇಟ್ಟು ನೋಡಿದೆ. ಅದು 3/8 ಇಂಚು, ಇಂಚಿಗೆ 16 ಥ್ರೆಡ್. ಅಮೆರಿಕದ ಬಹುತೇಕ ಬಿಯರ್ ನಲ್ಲಿಗಳಿಗೆ ಇದೇ ಅಳತೆ. 3/8 ಇಂಚು ಅಂದರೆ 9.525 ಮಿಲಿಮೀಟರ್, ಪಿಚ್ ಸುಮಾರು 1.59. ಎಂ10ಕ್ಕೆ ಪಿಚ್ 1.5. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಇಂಥ ಹಿಡಿ ಯಾರ ಹತ್ತಿರ ಇದ್ದರೂ ದಯವಿಟ್ಟು ಎಂ10 ಬೋಲ್ಟ್ ತುರುಕಬೇಡಿ. ಒಳಗಿನ ಥ್ರೆಡ್ ಹಾಳಾಗುತ್ತದೆ.

ಒಳ್ಳೆಯ ಸುದ್ದಿ ಏನಂದರೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ವಿಟ್‌ವರ್ತ್ ಅಳತೆಯ 3/8 ಟ್ಯಾಪು, ಅಂದರೆ ತೂತಿನ ಒಳಗೆ ಥ್ರೆಡ್ ಕೊರೆಯುವ ಉಪಕರಣ, ಈಗಲೂ ಸಿಗುತ್ತದೆ. ಅದಕ್ಕೂ ಇಂಚಿಗೆ 16 ಥ್ರೆಡ್ಡೇ. ಥ್ರೆಡ್ಡಿನ ಕೋನ ಮಾತ್ರ ಬೇರೆ, ಅದರಲ್ಲಿ 55 ಡಿಗ್ರಿ, ಅಮೆರಿಕದ್ದರಲ್ಲಿ 60. ಅರ್ಧ ಇಂಚು ಉದ್ದದ ಜೋಡಣೆಗೆ ಅದು ನಡೆಯುತ್ತದೆ. ನಾನು ಮಾತ್ರ ಸರಿಯಾದ ಟ್ಯಾಪನ್ನೇ ಬೆಂಗಳೂರಿನಿಂದ ತರಿಸಿದೆ. ಕೂಡಿಡುವ ವಸ್ತುವಿಗೆ "ನಡೆಯುತ್ತದೆ" ಸಾಲದು ಅಂತ ನನ್ನ ಅಭಿಪ್ರಾಯ. ಹಿತ್ತಾಳೆ ಸರಳಿಗೆ 8 ಮಿಲಿಮೀಟರ್ ಡ್ರಿಲ್ ಹಾಕಿ ಟ್ಯಾಪ್ ಮಾಡಿದೆ. ಬುಷ್ಷಿನ ಹೊರಮೈಗೆ ಲೇತಿನಲ್ಲಿ ದೊಡ್ಡ ಗೀರು ಎಳೆದೆ. ಅಂಟು ಅಲ್ಲಿ ಕಚ್ಚಿಕೊಳ್ಳುತ್ತದೆ.

ಎರಡನೇ ಭಾನುವಾರ ಮರದ ಕೆಲಸ. ಬಿರುಕಿನ ಒಳಗಿನ ಧೂಳನ್ನು ತೆಳುವಾದ ಬ್ಲೇಡಿನಿಂದ ತೆಗೆದು, ಅರಾಲ್ಡೈಟನ್ನು ಸ್ವಲ್ಪ ಬೆಚ್ಚಗೆ ಮಾಡಿ ಒಳಗೆ ಇಳಿಸಿದೆ. ಬೆಚ್ಚಗಾದರೆ ತೆಳ್ಳಗಾಗಿ ಆಳಕ್ಕೆ ಹೋಗುತ್ತದೆ. ಕ್ಲಾಂಪ್ ಹಾಕಿದರೆ ಬಣ್ಣಕ್ಕೆ ಗುರುತು ಬೀಳುತ್ತಿತ್ತು. ಅದಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ಸುತ್ತಲೂ ಒಂದೇ ಸಮ ಒತ್ತುತ್ತದೆ. ಒಂದು ದಿನ ಪೂರ್ತಿ ಹಾಗೇ ಬಿಟ್ಟೆ. ಪುಡಿಯಾದ ಬುಡವನ್ನು ಮುಕ್ಕಾಲು ಇಂಚು ಕೊರೆದು ತೆಗೆದು, ಆ ಜಾಗಕ್ಕೆ ತೇಗದ ತುಂಡು ಕೂರಿಸಿದೆ. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟಿನ ತೇಗ ಅದು. ಎಷ್ಟೋ ಬೇಸಿಗೆ ಕಂಡ ಮರ, ಇನ್ನು ಜಾಸ್ತಿ ಕುಗ್ಗುವುದಿಲ್ಲ. ಬುಷ್ಷಿಗೆ ತೂತನ್ನು ಬಿಗಿ ಇಡದೆ ಕೂದಲೆಳೆಯಷ್ಟು ಸಡಿಲ ಬಿಟ್ಟು ಅಂಟಿನಿಂದ ತುಂಬಿದೆ. ಮರದ ಕೊನೆಯ ಮುಖಕ್ಕೆ ಫ್ರೆಂಚ್ ಪಾಲಿಶ್ ಮೂರು ಸಲ ಕುಡಿಸಿದೆ. ಮರ ಪಸೆ ಹೀರುವುದೂ ಬಿಡುವುದೂ ಮುಖ್ಯವಾಗಿ ಆ ಕಡೆಯಿಂದಲೇ.

ಮೇಲಿನ ಬಣ್ಣವನ್ನು ಮುಟ್ಟಲಿಲ್ಲ. ಲಂಗರಿನ ಪಕ್ಕ ಬಣ್ಣ ಸವೆದ ಜಾಗವಿದೆ. ಯಾರೋ ಬಾರಿನವರ ಹೆಬ್ಬೆರಳು ದಿನಾ ಅಲ್ಲೇ ಕೂತಿರಬೇಕು. ಹೊಸ ಬಣ್ಣ ಹೊಡೆದು ಅದನ್ನು ಅಳಿಸುವುದು ತಪ್ಪು. ಕೂಡಿಡುವವರೂ ಮರುಬಣ್ಣ ಹೊಡೆದ ಹಿಡಿಯನ್ನು ಇಷ್ಟಪಡುವುದಿಲ್ಲ. ಮಾಡಿದ ರಿಪೇರಿಯೆಲ್ಲ ಲೋಹದ ಬಳೆಯ ಒಳಗೇ ಮುಗಿಯಬೇಕು ಅಂತ ಮೊದಲೇ ನಿಶ್ಚಯಿಸಿದ್ದೆ, ಬಿರುಕಿನ ಗೆರೆಯೊಂದು ಬಿಟ್ಟು ಹಾಗೇ ಆಯಿತು.

ತೂಕದ ಮಾತು ಮರೆಯಬಾರದು. ಈ ನಲ್ಲಿಯನ್ನು ಮುಂದಕ್ಕೆ ಎಳೆದರೆ ಬಿಯರ್ ಬರುತ್ತದೆ. ಹಿಡಿ ಭಾರವಾಗಿ ಮುಂದಕ್ಕೆ ವಾಲಿದರೆ ನಲ್ಲಿ ತಾನೇ ತೆರೆದುಕೊಳ್ಳುತ್ತದೆ. ಕೆಲಸಕ್ಕೆ ಮುಂಚೆ 310 ಗ್ರಾಂ ಇತ್ತು, ಮುಗಿದಾಗ 322. ಸೇರಿದ 12 ಗ್ರಾಂ ಬುಡದಲ್ಲೇ ಇದ್ದುದರಿಂದ ತೊಂದರೆಯಿಲ್ಲ.

ಮೂರನೇ ಭಾನುವಾರ ಬಳೆ ಕೂರಿಸಿದ್ದಷ್ಟೇ. ಕೂರಿಸುವ ಮೊದಲು ತೇಗದ ತುಂಡಿನ ಮೇಲೆ ಪೆನ್ಸಿಲಿನಲ್ಲಿ "ದಾವಣಗೆರೆ, 2023" ಅಂತ ಬರೆದೆ. ಮುಂದೆ ಯಾರಾದರೂ ಬಿಚ್ಚಿದರೆ ಇದು ಮೂಲ ಮರವಲ್ಲ ಅಂತ ಗೊತ್ತಾಗಲಿ.

2024ರಲ್ಲಿ ಚೋಬಾನಿ ಮೊಸರಿನ ಕಂಪನಿ ಕಟ್ಟಿದ ಹಮ್ದಿ ಉಲುಕಾಯ ಆ್ಯಂಕರನ್ನು ಕೊಂಡರು ಅಂತ ಸುದ್ದಿ ಬಂತು. ಅಳಿಯ ಈಗ ಬೆಂಗಳೂರಿನಲ್ಲಿದ್ದಾನೆ. ಆ ವರ್ಷವೇ ಹಿಡಿಯನ್ನು ಅಲ್ಲಿಗೆ ಒಯ್ದೆ. ಅವನಿಗೆ ಪರಿಚಯದ ಮೈಕ್ರೋಬ್ರೂವರಿಯೊಂದರಲ್ಲಿ ಅಮೆರಿಕದ ಅಳತೆಯ ನಲ್ಲಿಗಳಿವೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಲ್ಲಿನ ಹುಡುಗ ತನ್ನ ಹಿಡಿ ಬಿಚ್ಚಿ ಇದನ್ನು ತಿರುಗಿಸಿದ. ಆರು ಸುತ್ತು, ಎಲ್ಲೂ ಕಚ್ಚಲಿಲ್ಲ. "ಎಳೀರಿ ಸಾರ್" ಅಂದ. ನನ್ನ ಹೆಬ್ಬೆರಳು ಸವೆದ ಆ ಜಾಗದಲ್ಲೇ ಹೋಗಿ ಕೂತಿತು. ಎಳೆದೆ. ನೊರೆ ಬಂತು, ಆಮೇಲೆ ಬಿಯರ್. ಬಿಟ್ಟ ತಕ್ಷಣ ಹಿಡಿ ನೆಟ್ಟಗೆ ನಿಂತಿತು. ಅಳಿಯ ಮೊಬೈಲಿನಲ್ಲಿ ವಿಡಿಯೋ ಮಾಡಿ ಅವ್ವನಿಗೆ ಕಳಿಸಿದ.